ಬೆವರಿನ ನರದ ಟೆಸ್ಟಿಗೆ ಹೋಗ್ಲಿಕ್ಕುಂಟಾ? ಎಣ್ಣೆ ಬಾಟ್ಲಿ ಮುಚ್ಚಿಡಿ

ನಮ್ಮ ಬದಿಯಡ್ಕ ಪೇಟೆಯಲ್ಲಿ ನಾಲ್ಕು ಜನ ಶುಗರಿನವರು ಸೇರಿದ್ರೆ ಮಾತು ಕೊನೆಗೆ ಕಾಲುರಿಗೇ ಬಂದು ನಿಲ್ಲುದು. ರಾತ್ರಿ ಪಾದ ಧಗಧಗ ಅಂತದೆ, ಡಾಕ್ಟ್ರು ಎನ್‌ಸಿವಿ (ನರದಲ್ಲಿ ಕರೆಂಟ್ ಹರಿಯುವ ವೇಗ ನೋಡುವ ಟೆಸ್ಟ್) ಮಾಡ್ಸಿದ್ರೆ ರಿಪೋರ್ಟ್ ನಾರ್ಮಲ್, ಉರಿ ಮಾತ್ರ ಹಾಗೇ ಉಂಟು. ಎನ್‌ಸಿವಿ ನೋಡುದು ದಪ್ಪ ನರಗಳನ್ನು ಮಾತ್ರ. ಉರಿ, ನೋವು, ಬೆವರು ಇದೆಲ್ಲ ಸಪೂರ ನರಗಳ ಖಾತೆ, ಅದನ್ನು ಹಿಡಿಲಿಕ್ಕೆ ಬೆವರಿನ ಟೆಸ್ಟ್ ಬರೆದು ಕೊಡ್ತಾರೆ. ಭಾವನನ್ನು ಕರ್ಕೊಂಡು ಮಂಗಳೂರಿಗೆ ಹೋಗಿ ಟೆಸ್ಟ್ ಆಗದೆ ವಾಪಸ್ ಬಂದವ ನಾನು, ಆಮೇಲೆ ಊರಿನ ಇನ್ನಿಬ್ಬರಿಗೂ ಅದೇ ಗತಿ ಆಯ್ತು, ಅದಕ್ಕೇ ಇದು.

ಮೊದಲು ಫೋನ್ ಮಾಡಿ ಯಾವ ಟೆಸ್ಟ್ ಅಂತ ಕೇಳಿ. ಬರೀ "ಸ್ವೆಟ್ ಟೆಸ್ಟ್" ಅಂದ್ರೆ ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ ಕಾಯಿಲೆಗೆ ಹೆಚ್ಚಾಗಿ ಮಕ್ಕಳಿಗೆ ಮಾಡುವ ಬೇರೆಯೇ ಟೆಸ್ಟ್ ಅಂತ ತಿಳ್ಕೊಳ್ತಾರೆ, ಅಲ್ಲಿ ಬೆವರಿನ ಉಪ್ಪು ನೋಡುದು. ನಮ್ಮದು ನರದ್ದು ಅಂತ ಬಿಡಿಸಿ ಹೇಳಿ.

ಇನ್ನು ಎರಡು ದಿನ ಮೊದಲಿನ ಕೆಲಸ, ಎಲ್ಲರೂ ಎಡವುದು ಇಲ್ಲೇ. ಬೆವರು ಒಣಗಿಸುವ ಗುಳಿಗೆಗಳು ನಮ್ಮ ಮನೆಯಲ್ಲಿ ನಾವು ಎಣಿಸಿದ್ದಕ್ಕಿಂತ ಜಾಸ್ತಿ ಉಂಟು ಮಾರಾಯ್ರೆ. ಶೀನು ಬಂದ್ರೆ ನುಂಗುವ ಅವಿಲ್, ಹೊಟ್ಟೆ ಸೆಳೆತಕ್ಕೆ ಕೊಡುವ ಡೈಸೈಕ್ಲೋಮಿನ್, ಪದೇಪದೇ ಮೂತ್ರ ಹೋಗುದಕ್ಕೆ ಕೊಡುವ ಕೆಲವು ಗುಳಿಗೆ, ಮತ್ತೆ ತಮಾಷೆ ಅಂದ್ರೆ ಕಾಲುರಿಗೆ ಅಂತಲೇ ರಾತ್ರಿ ತಗೊಳ್ಳುವ ಅಮಿಟ್ರಿಪ್ಟಿಲಿನ್, ಅದೂ ಬೆವರನ್ನು ಕಟ್ಟಿ ಹಾಕುದೇ. ಸಾಮಾನ್ಯವಾಗಿ 48 ಗಂಟೆ ಮೊದಲು ನಿಲ್ಲಿಸ್ಲಿಕ್ಕೆ ಹೇಳ್ತಾರೆ, ಆದ್ರೆ ನೀವೇ ತೀರ್ಮಾನ ಮಾಡಿ ನಿಲ್ಲಿಸ್ಬೇಡಿ, ಬರೆದು ಕೊಟ್ಟ ಡಾಕ್ಟ್ರನ್ನೇ ಕೇಳಿ, ಅಮಿಟ್ರಿಪ್ಟಿಲಿನ್ ಅಂತೂ ತಟ್ಟನೆ ಬಿಡುವಂಥದ್ದಲ್ಲ. ನನ್ನ ಲೆಕ್ಕದಲ್ಲಿ ಗುಳಿಗೆಯ ಹೆಸರು ಬಾಯಿಪಾಠ ಮಾಡುದು ವೇಸ್ಟ್, ಇಡೀ ಗುಳಿಗೆ ಚೀಲವನ್ನೇ ಅಪಾಯಿಂಟ್‌ಮೆಂಟ್ ತಗೊಳ್ಳುವ ದಿನ ಒಯ್ದು ಮೇಜಿನ ಮೇಲೆ ಸುರಿದುಬಿಡಿ.

ಇನ್ನೊಂದು ಯಾರೂ ಹೇಳದ ವಿಷಯ. ಬಸ್ಸಲ್ಲಿ ವಾಂತಿ ಬರ್ತದೆ ಅಂತ ಹತ್ತುವ ಮೊದಲು ಅವೋಮಿನ್ ಬಾಯಿಗೆ ಹಾಕ್ಕೊಳ್ತಾರಲ್ಲ, ಅದೂ ಇದೇ ಜಾತಿ. ತಲಪಾಡಿ ದಾಟುವ ಮೊದಲೇ ಟೆಸ್ಟ್ ಹಾಳು. ಮುಂದಿನ ಸೀಟಲ್ಲಿ ಕೂತ್ಕೊಳ್ಳಿ, ಸಾಕು.

ಎಣ್ಣೆಯ ಕತೆ ಬೇರೆ. ಹಿಂದಿನ ರಾತ್ರಿಯಿಂದ ಕೈಕಾಲಿಗೆ ಎಣ್ಣೆ, ಕ್ರೀಮು, ಬಾಮು ಯಾವುದೂ ಬೇಡ. ನಮ್ಮ ಭಾವನನ್ನು ಸಿಸ್ಟರ್ "ಕಾಲಿಗೆ ಎಂತ ಹಚ್ಚಿದ್ದೀರಿ ಅಂಕಲ್?" ಕೇಳಿದ್ದಕ್ಕೆ ಇವರು "ಎಂತ ಇಲ್ಲಮ್ಮ, ಬರೀ ತೆಂಗಿನೆಣ್ಣೆ" ಅಂದ್ರು. ಅದರ ಮೇಲೆ ಅವಿಲ್ ಬೇರೆ ತಗೊಂಡಿದ್ರು. ಒಂದು ವಾರ ಬಿಟ್ಟು ಬನ್ನಿ ಅಂತ ಚೀಟಿ ಕೈಗೆ ಬಂತು.

ಟೆಸ್ಟಿನ ದಿನ ಬೆಳಿಗ್ಗೆ ಕಾಫಿ, ಬೀಡಿ ಬೇಡ, ಹೊಗೆಸೊಪ್ಪು ಹಾಕಿದ ಎಲೆ ಅಡಿಕೆಯೂ ಬೇಡ, ನಿಕೋಟಿನ್ ಎಲ್ಲಿಂದ ಬಂದ್ರೂ ನಿಕೋಟಿನ್ನೇ. ನೀರು ಕುಡೀರಿ. ಸಡಿಲ ಬಟ್ಟೆ, ಮುಂಡು ಬೆಸ್ಟ್.

ಈ ಬೆವರಿನ ಟೆಸ್ಟಲ್ಲಿ ಮೂರು ಬಗೆ ಹೇಳ್ತೇನೆ. ಮೊದಲನೆಯದ್ದು ಸುಡೋಸ್ಕ್ಯಾನ್, ಅದಾದ್ರೆ ಭಯವೇ ಬೇಡ, ಎರಡು ಲೋಹದ ಹಲಗೆ ಮೇಲೆ ಅಂಗಾಲು, ಇನ್ನೆರಡರ ಮೇಲೆ ಅಂಗೈ, ಎರಡು ಮೂರು ನಿಮಿಷ ಅಲ್ಲಾಡದೆ ನಿಂತ್ರೆ ಮುಗೀತು. 4 ವೋಲ್ಟಿಗಿಂತ ಕಡಿಮೆ ಕರೆಂಟು, ಗೊತ್ತೂ ಆಗುದಿಲ್ಲ. ಪೇಸ್‌ಮೇಕರ್ ಇದ್ರೆ, ಕಾಲಲ್ಲಿ ಹುಣ್ಣಿದ್ರೆ ಮೊದಲೇ ಹೇಳಿ.

ಎರಡನೆಯದ್ದು ಕ್ಯೂಸಾರ್ಟ್, ಸ್ವಲ್ಪ ಉದ್ದದ್ದು. ಮಲಗಿಸಿ ಮುಂಗೈ, ಮೊಣಕಾಲಿನ ಕೆಳಗೆ, ಹರಡಿನ ಮೇಲೆ, ಪಾದದ ಮೇಲೆ ಹೀಗೆ ನಾಲ್ಕು ಕಡೆ ಸಣ್ಣ ಪ್ಲಾಸ್ಟಿಕ್ ಮುಚ್ಚಳದ ಹಾಗಿನದ್ದು ಕಟ್ತಾರೆ. ಅದರೊಳಗೆ ಅಸಿಟೈಲ್‌ಕೋಲಿನ್ ಅನ್ನುವ ಮದ್ದು, ಸೂಜಿ ಇಲ್ಲ, 2 ಮಿಲಿಆಂಪ್ ಕರೆಂಟಲ್ಲಿ 5 ನಿಮಿಷ ಚರ್ಮದೊಳಗೆ ನೂಕ್ತಾರೆ. ಆಗ ಕೆಂಪಿರುವೆ ಕಚ್ಚಿದ ಹಾಗೆ ಚುರುಚುರು ಅಂತದೆ, ಕಾಲು ಎಳ್ಕೊಳ್ಬೇಡಿ, ಮುಚ್ಚಳ ಜಾರಿದ್ರೆ ಮತ್ತೆ ಮೊದಲಿಂದ. ಮದ್ದು ತಾಗಿದ ನರದ ತುದಿ ಸುದ್ದಿಯನ್ನು ಮೇಲಿನ ಕವಲಿನವರೆಗೆ ಒಯ್ದು ಇನ್ನೊಂದು ಕವಲಲ್ಲಿ ಕೆಳಗೆ ಇಳಿಸಿ ಪಕ್ಕದ ಗ್ರಂಥಿಯನ್ನು ಬೆವರಿಸ್ತದೆ, ಸೀತಾಂಗೋಳಿಯಿಂದ ಹೊರಟವ ಕುಂಬಳೆಗೆ ಬಂದು ಮೊಗ್ರಾಲಿಗೆ ತಿರುಗಿದ ಹಾಗೆ. ನರ ಸತ್ತಿದ್ರೆ ಆ ತಿರುವು ಆಗುದಿಲ್ಲ, ಬೆವರಿಲ್ಲ. ಮಿಷನ್ ಅಳೆಯುದು ಆ ಪಕ್ಕದ ಬೆವರನ್ನೇ, ಕರೆಂಟ್ ನಿಂತ ಮೇಲೂ 5 ನಿಮಿಷ. ಚರ್ಮ ಸ್ವಲ್ಪ ಹೊತ್ತು ಕೆಂಪಾಗಿರ್ತದೆ, ಹೆದರ್ಲಿಕ್ಕಿಲ್ಲ. ಇದು 1983ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಿಂದ ಬಂದ ವಿಧಾನ.

ಮೂರನೆಯದ್ದು ಇಡೀ ಮೈಗೆ ಪುಡಿ ಹಚ್ಚಿ 45ರಿಂದ 50 ಡಿಗ್ರಿ ಬಿಸಿಯ ಕೋಣೆಯಲ್ಲಿ ಮಲಗಿಸುದು, ಬೆವರಿದ ಕಡೆ ಬಣ್ಣ ಬದಲಾಗ್ತದೆ. ಕೆಲವೇ ಕಡೆ ಉಂಟು. ಹಳೆ ಬಟ್ಟೆ ಹಾಕ್ಕೊಂಡು ಹೋಗಿ, ಪುಡಿಯ ಕಲೆ ಹೋಗುದು ಕಷ್ಟ.

ನಡುವೆ ಒಂದು ಮಾತು, ರಾತ್ರಿ ಪಾದಕ್ಕೆ ಅಂಟಿಸಿದ್ರೆ ಬೆಳಿಗ್ಗೆ ಕಪ್ಪಾಗುವ ಡಿಟಾಕ್ಸ್ ಪಟ್ಟಿ ಆನ್‌ಲೈನಲ್ಲಿ ತರಿಸಿ "ನನ್ನ ಬೆವರು ಸರಿ ಉಂಟು" ಅಂತ ಕೂತವರಿದ್ದಾರೆ. ಅದರೊಳಗಿನ ಪುಡಿ ಯಾವ ತೇವ ತಾಗಿದ್ರೂ ಕಪ್ಪಾಗ್ತದೆ, ಎರಡು ಹನಿ ಬಾವಿ ನೀರು ಬಿಟ್ಟು ನೋಡಿ.

ರಿಪೋರ್ಟ್ ಬಂದ್ಮೇಲೆ: ಸುಡೋಸ್ಕ್ಯಾನಲ್ಲಿ ಪಾದದ್ದು 60 ಮೈಕ್ರೋಸೀಮೆನ್ಸಿಗಿಂತ (ಚರ್ಮದಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿತದೆ ಅನ್ನುವ ಅಳತೆ) ಮೇಲಿದ್ರೆ ಸಾಮಾನ್ಯವಾಗಿ ಸರಿ, 40ರ ಕೆಳಗೆ ಇಳಿದ್ರೆ ನರ ತುಂಬ ಸೊರಗಿದೆ ಅಂತ ಲೆಕ್ಕ. ಒಂದೇ ನಂಬರ್ ಹಿಡ್ಕೊಂಡು ಗೂಗಲ್ ಮಾಡ್ಬೇಡಿ, ಶುಗರ್ ರಿಪೋರ್ಟ್, ಎನ್‌ಸಿವಿ ಎಲ್ಲ ಸೇರಿಸಿ ಡಾಕ್ಟ್ರ ಮುಂದಿಡಿ. ನಿಲ್ಲಿಸಿದ ಗುಳಿಗೆ ಯಾವಾಗಿಂದ ಶುರು ಅಂತ ಅಲ್ಲೇ ಕೇಳ್ಕೊಳ್ಳಿ, ಭಾವ ಅದನ್ನು ಮರೆತು ಮನೆ ಮುಟ್ಟಿದ ಮೇಲೆ ನನಗೆ ಫೋನ್ ಮಾಡಿದ್ರು.