ಚಂದ್ರನ ಮಣ್ಣು ಓದಬೇಕಾ? ಮೊದಲು ಲ್ಯಾಬಿನ ಗೋಡೆ ಓದಿ

"ಚಂದ್ರಯಾನದಲ್ಲಿ ಕೆಲಸ ಮಾಡ್ಬೇಕು, ಏನು ಓದ್ಲಿ?" ಅಂತ ಬಿ.ಎಸ್ಸಿ. ಓದುವವರು ಕೇಳುತ್ತಲೇ ಇರುತ್ತಾರೆ. ರಾಕೆಟ್ ದಾರಿ ಹೇಳುವವರು ಜಾಸ್ತಿ ಇದ್ದಾರೆ. ನಾನು ಡಿಟೆಕ್ಟರ್ ದಾರಿ ಹೇಳುತ್ತೇನೆ. ಒಂದು ಗ್ರಹದ ನೆಲದಿಂದ ಬರುವ ಎಕ್ಸ್-ರೇ, ಗಾಮಾ ಕಿರಣ, ನ್ಯೂಟ್ರಾನುಗಳನ್ನು ಎಣಿಸಿ, ಅಲ್ಲಿನ ಮಣ್ಣಲ್ಲಿ ಏನೇನಿದೆ ಎಂದು ಹೇಳುವ ಭೌತವಿಜ್ಞಾನಿಯ ಕೆಲಸ ಇದು.

ಒಳಗುಟ್ಟು ಸರಳ. ಸೂರ್ಯನ ಎಕ್ಸ್-ರೇ ಚಂದ್ರನ ಮಣ್ಣಿಗೆ ಬಿದ್ದಾಗ ಒಂದೊಂದು ಧಾತುವೂ ತನ್ನದೇ ಶಕ್ತಿಯ ಎಕ್ಸ್-ರೇ ಹೊರಗೆ ಬಿಡುತ್ತದೆ: ಮೆಗ್ನೀಸಿಯಂ 1.25, ಅಲ್ಯೂಮಿನಿಯಂ 1.49, ಸಿಲಿಕಾನ್ 1.74 ಕಿಲೋ ಎಲೆಕ್ಟ್ರಾನ್ ವೋಲ್ಟ್. ಚಂದ್ರಯಾನ-2ರ ಆರ್ಬಿಟರ್‌ನಲ್ಲಿ 'ಕ್ಲಾಸ್' ಎಂಬ ಉಪಕರಣ ಇದೆಯಲ್ಲ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಮಾಡಿದ್ದು, ಅದು ಸುಮಾರು 100 ಕಿ.ಮೀ. ಎತ್ತರದಿಂದ ಇದನ್ನೇ ಅಳೆಯುತ್ತದೆ. ಮಂಗಳದಲ್ಲಿ ಗಾಳಿ ಇರುವುದರಿಂದ ಈ ಎಕ್ಸ್-ರೇ ಮೇಲಕ್ಕೆ ಬರುವುದೇ ಇಲ್ಲ. ಅಲ್ಲಿ ಗಾಮಾ, ನ್ಯೂಟ್ರಾನ್ ಹಿಡಿಯಬೇಕು. 2001ರಲ್ಲಿ ಹೊರಟ ಮಾರ್ಸ್ ಒಡಿಸ್ಸಿ ನೌಕೆ ನೆಲದಡಿಯ ಮಂಜುಗಡ್ಡೆಯ ಸುಳಿವು ಹಿಡಿದದ್ದು ಹಾಗೆಯೇ.

ಈಗ ನೀವು ಮಾಡಬೇಕಾದದ್ದು. ಎಂ.ಎಸ್ಸಿ. ಫಿಸಿಕ್ಸ್ ಲ್ಯಾಬಿನಲ್ಲಿ ಗಾಮಾ ಎಣಿಸುವ ಸೋಡಿಯಂ ಅಯೋಡೈಡ್ ಡಿಟೆಕ್ಟರ್ ಸಾಮಾನ್ಯವಾಗಿ ಇರುತ್ತದೆ. ಹೆಚ್ಚಿನವರು ಸೀಸಿಯಂನ ವಿಕಿರಣಶೀಲ ಸೋರ್ಸ್ ಇಟ್ಟು, 662 ಕಿಲೋ ಎಲೆಕ್ಟ್ರಾನ್ ವೋಲ್ಟ್ ಪೀಕ್ (ಗ್ರಾಫಿನಲ್ಲಿ ಏಳುವ ಗುಡ್ಡ) ನೋಡಿ, ರೆಕಾರ್ಡ್ ಬರೆದು ಮನೆಗೆ ಹೋಗಿಬಿಡುತ್ತಾರೆ. ನೀವು ಹೋಗಬೇಡಿ. 662ನ್ನೂ ಕೋಬಾಲ್ಟ್‌ನ 1173, 1332ನ್ನೂ ಇಟ್ಟುಕೊಂಡು ಯಾವ ಚಾನೆಲ್ (ಎಣಿಕೆಯ ಖಾನೆ) ಎಷ್ಟು ಶಕ್ತಿ ಎಂದು ಕ್ಯಾಲಿಬ್ರೇಟ್ ಮಾಡಿ. ಆಮೇಲೆ ಸೋರ್ಸ್‌ಗಳನ್ನೆಲ್ಲ ಅವುಗಳ ಸೀಸದ ಡಬ್ಬಿಗೆ ಹಾಕಿ ದೂರ ಇಡಿಸಿ (ಲ್ಯಾಬಿನವರ ಎದುರಲ್ಲೇ, ಇಕ್ಕಳದಲ್ಲೇ ಹಿಡಿದು, ಇದರಲ್ಲಿ ರಾಜಿ ಬೇಡ), ಅನುಮತಿ ಕೇಳಿ, ಡಿಟೆಕ್ಟರನ್ನು ರಾತ್ರಿಯಿಡೀ ಸುಮ್ನೆ ಎಣಿಸಲು ಬಿಡಿ. ಬೆಳಗ್ಗೆ ಬಂದು ನೋಡಿದರೆ 1461ರ ಹತ್ತಿರ ಒಂದು ಗುಡ್ಡ ಎದ್ದಿರುತ್ತದೆ. ಏನೂ ಇಡದೆ ಎಲ್ಲಿಂದ ಬಂತು? ಗೋಡೆಯ ಇಟ್ಟಿಗೆ, ಸಿಮೆಂಟು, ನೆಲದ ಗ್ರಾನೈಟ್, ಎಲ್ಲದರಲ್ಲೂ ಇರುವ ಪೊಟ್ಯಾಸಿಯಂ-40ರಿಂದ. ಕೆಮಿಸ್ಟ್ರಿ ಲ್ಯಾಬಿನಿಂದ ಪೊಟ್ಯಾಸಿಯಂ ಕ್ಲೋರೈಡ್ ಬಾಟಲಿ ತಂದು ಪಕ್ಕದಲ್ಲಿಡಿ. ಅದೇ ಗುಡ್ಡ ಎತ್ತರ ಆಗುತ್ತದೆ. ಒಂದು ಗ್ರಾಂ ಪೊಟ್ಯಾಸಿಯಂ ಸೆಕೆಂಡಿಗೆ ಈ ಶಕ್ತಿಯ ಸುಮಾರು ಮೂರು ಗಾಮಾ ಬಿಡುತ್ತದೆ, ಅಷ್ಟೇ.

1998ರಲ್ಲಿ ಲೂನಾರ್ ಪ್ರಾಸ್ಪೆಕ್ಟರ್ ನೌಕೆ ಚಂದ್ರನ ಪೊಟ್ಯಾಸಿಯಂ ನಕ್ಷೆ ಮಾಡಿದ್ದು ಇದೇ 1461ರ ಗುಡ್ಡ ನೋಡಿ. ಬಾಟಲಿಯ ಪಾಲು ಎಷ್ಟು, ಗೋಡೆಯ ಪಾಲು ಎಷ್ಟು ಎಂದು ಬೇರೆ ಮಾಡಲು ನಿಮಗೆ ಬಂದರೆ, ಗ್ರಹದ ಪಾಲು ಎಷ್ಟು, ನೌಕೆಯ ಪಾಲು ಎಷ್ಟು ಎಂದು ಬೇರೆ ಮಾಡುವುದರ ಅರ್ಧ ಕೆಲಸ ಬಂದ ಹಾಗೆ. ಎಣಿಕೆಯಲ್ಲಿ ಅದರ ವರ್ಗಮೂಲದಷ್ಟು ತಪ್ಪು ಇದ್ದೇ ಇರುತ್ತದೆ: ಎಣಿಕೆ 100 ಇದ್ದರೆ ತಪ್ಪು 10, ಅಂದರೆ ನೂರಕ್ಕೆ ಹತ್ತು. 10,000 ಇದ್ದರೆ ತಪ್ಪು 100, ನೂರಕ್ಕೆ ಒಂದೇ. ಇದಕ್ಕೇ ಈ ಕೆಲಸದಲ್ಲಿ ಕಾಯುವುದು ಜಾಸ್ತಿ.

ಕಾಯುವುದು ಅಂದೆ, ಅದನ್ನು ಲಘುವಾಗಿ ತಗೋಬೇಡಿ. ಚಂದ್ರಯಾನ-1ರ ಎಕ್ಸ್-ರೇ ಉಪಕರಣ ಸಿ1ಎಕ್ಸ್‌ಎಸ್ 2008ರಲ್ಲಿ ಮೇಲೆ ಹೋದಾಗ ಸೂರ್ಯ ತೀರಾ ಶಾಂತವಾಗಿದ್ದ. ಸೌರಜ್ವಾಲೆಗಳೇ ಅಪರೂಪ, ಹಾಗಾಗಿ ಸಿಕ್ಕ ಸಿಗ್ನಲ್ ಕಡಿಮೆ. ಉಪಕರಣದಲ್ಲಿ ದೋಷ ಇರಲಿಲ್ಲ, ದೀಪವೇ ಮಂದ. ಚಂದ್ರಯಾನ-3ರ ರೋವರ್‌ನಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಸಂಸ್ಥೆ ಪಿಆರ್‌ಎಲ್ ಮಾಡಿದ ಎಪಿಎಕ್ಸ್‌ಎಸ್ ಎಂಬ ಉಪಕರಣ, ಮಣ್ಣಿನಿಂದ ಎಕ್ಸ್-ರೇ ಎಬ್ಬಿಸುವ ಕ್ಯೂರಿಯಂ-244 ಸೋರ್ಸನ್ನು ಜೊತೆಗೇ ಒಯ್ದಿತ್ತು, ಸೂರ್ಯನನ್ನು ನಂಬಿ ಕೂರಲಿಲ್ಲ. 2023ರ ಆಗಸ್ಟ್ 23ಕ್ಕೆ ಇಳಿದ ಮೇಲೆ ಅದು 23 ಅಳತೆ ತೆಗೆಯಿತು. ಒಂದು ಕಾಲಕ್ಕೆ ಚಂದ್ರನ ಮೇಲೆ ಕರಗಿದ ಕಲ್ಲಿನ ಸಮುದ್ರವೇ ಇತ್ತು ಎಂಬ ವಾದಕ್ಕೆ ಆ ಅಳತೆಗಳು ಹೊಂದುತ್ತವೆ. ನನಗಂತೂ ಇದು ಇಳಿದದ್ದಕ್ಕಿಂತ ದೊಡ್ಡ ಸುದ್ದಿ.

ಪರೀಕ್ಷೆಗಳ ವಿಷಯ ಬೇಗ ಮುಗಿಸುತ್ತೇನೆ. ಎಂ.ಎಸ್ಸಿ. ಫಿಸಿಕ್ಸ್, ಜೊತೆಗೆ ನೆಟ್, ಗೇಟ್ ಅಥವಾ ಜೆಸ್ಟ್. ಆಮೇಲೆ ಪಿಆರ್‌ಎಲ್‌ನಲ್ಲೋ ಬೇರೆ ಸಂಸ್ಥೆಯಲ್ಲೋ ಪಿಎಚ್‌ಡಿ. ಎಲೆಕ್ಟ್ರಾನಿಕ್ಸ್ ಬಿಡಬೇಡಿ, ಡಿಟೆಕ್ಟರ್ ಪಕ್ಕದ ಆಂಪ್ಲಿಫೈಯರ್ ಅರ್ಥವಾಗದಿದ್ದರೆ ಪೀಕ್ ಯಾಕೆ ಜರುಗಿತು ಅಂತಲೂ ಗೊತ್ತಾಗುವುದಿಲ್ಲ. ಪೈಥಾನ್ ಕಲಿಯಿರಿ. ಕಣಗಳು ವಸ್ತುವಿನೊಳಗೆ ಹೇಗೆ ಸಾಗುತ್ತವೆ ಎಂದು ತೋರಿಸುವ ಜಿಯಾಂಟ್4 ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಅದನ್ನೂ ಇಳಿಸಿಕೊಳ್ಳಿ. ಕಲ್ಲುಗಳ ಬಗ್ಗೆ ಒಂದಿಷ್ಟು ಭೂವಿಜ್ಞಾನ ಓದಿ, ಇಲ್ಲದಿದ್ದರೆ ಅಂಕಿ ಸಿಕ್ಕರೂ ಕಥೆ ಸಿಗುವುದಿಲ್ಲ.

ಸಣ್ಣ ಊರಿನವರು ಹಿಂಜರಿಯಬೇಡಿ. ಆ ಉಪಗ್ರಹ ಕೇಂದ್ರಕ್ಕೆ ಹೆಸರು ಕೊಟ್ಟ ಯು.ಆರ್. ರಾವ್ ಉಡುಪಿಯ ಅದಮಾರಿನವರು. ಪಿಆರ್‌ಎಲ್‌ನಲ್ಲಿ ವಿಕ್ರಂ ಸಾರಾಭಾಯಿ ಕೈಕೆಳಗೆ ಕಾಸ್ಮಿಕ್ ಕಿರಣ ಎಣಿಸುವುದರಿಂದಲೇ ಶುರು ಮಾಡಿದವರು.

ಚಂದ್ರಯಾನ-2ರ ಡೇಟಾ ಬೆಂಗಳೂರು ಹತ್ತಿರದ ಬ್ಯಾಲಾಳುವಿನ ಇಸ್ರೋ ಡೇಟಾ ಕೇಂದ್ರದ 'ಪ್ರದಾನ್' ಪೋರ್ಟಲ್‌ನಲ್ಲಿ ಎಲ್ಲರಿಗೂ ತೆರೆದಿದೆ. ಹೆಸರು ನೋಂದಾಯಿಸಿ, ಸೌರಜ್ವಾಲೆ ಇದ್ದ ಒಂದು ದಿನದ ಕ್ಲಾಸ್ ಫೈಲ್ ತೆಗೆದು, ಅಲ್ಯೂಮಿನಿಯಂ, ಸಿಲಿಕಾನ್ ಗುಡ್ಡಗಳನ್ನು ನೀವೇ ಗುರುತಿಸಿ. ಆ ಚಿತ್ರವನ್ನೂ, ನಿಮ್ಮ ಲ್ಯಾಬ್ ಗೋಡೆಯ 1461ರ ಚಿತ್ರವನ್ನೂ ಪ್ರಿಂಟ್ ತೆಗೆದು ಪಿಎಚ್‌ಡಿ ಸಂದರ್ಶನಕ್ಕೆ ತೆಗೆದುಕೊಂಡು ಹೋಗಿ.