ಮಿಶಿಗನ್‌ಗೆ ಹೊಸದಾಗಿ ಬಂದು ಬಿಲ್ಲು ಹಿಡಿಯೋರಿಗೆ: ಮೊಲದ ಶಿಕಾರಿಗೆ ಕಡಿಮೆ ಖರ್ಚಿನ ಬಾಣದ ಮೊನೆ

ಡೆಟ್ರಾಯಿಟ್, ಆನ್ ಆರ್ಬರ್ ಕಡೆ ಬಂದಿಳಿದ ಮಲೆನಾಡು, ಕೊಡಗಿನ ಹುಡುಗರು ಸೆಪ್ಟೆಂಬರ್ ಹತ್ರ ಬಂತಂದ್ರೆ ಕೇಳೋದು ಒಂದೇ, ಅಣ್ಣ ಇಲ್ಲಿ ಶಿಕಾರಿ ಮಾಡಬಹುದಂತಲ್ಲ ಹೌದಾ ಅಂತ. ಹೌದು. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಶಿಕಾರಿ ಅನ್ನೋದು ಅಜ್ಜಂದಿರ ಕತೆ ಆಗೋಯ್ತು, ಇಲ್ಲಿ ಲೈಸೆನ್ಸ್ ತಗೊಂಡು ತಲೆ ಎತ್ಕೊಂಡು ಹೋಗಬಹುದು. ಫೆಡರಲ್ ಕಾನೂನಲ್ಲಿ ಬಿಲ್ಲು ಬಂದೂಕಿನ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಬಂದೂಕಿನ ನಿಯಮದ ತಲೆನೋವು ಬೇಡ ಅಂತ ಎಚ್-1ಬಿ ವೀಸಾದಲ್ಲಿರೋರು ಹೆಚ್ಚಾಗಿ ಬಿಲ್ಲಿನ ಕಡೆಗೇ ಬರ್ತಾರೆ. ಕಾಗದಪತ್ರ ಸುಲಭ: ಡಿಎನ್‌ಆರ್‌ನ (ಇಲ್ಲಿನ ರಾಜ್ಯ ಸರ್ಕಾರದ ನೈಸರ್ಗಿಕ ಸಂಪನ್ಮೂಲ ಇಲಾಖೆ) ಬೇಸ್ ಲೈಸೆನ್ಸ್, 1960ರ ಜನವರಿ 1ರಿಂದೀಚೆ ಹುಟ್ಟಿದೋರಿಗೆ ಹಂಟರ್ ಸೇಫ್ಟಿ ಸರ್ಟಿಫಿಕೇಟ್, ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್, ಆ ವರ್ಷದ ನಿಯಮದ ಪುಸ್ತಕ ಒಂದ್ಸಲ ಓದೋದು. ಮನೆ ಹಿತ್ತಲಲ್ಲಿ ಮೊಲ ಓಡಾಡ್ತಿದೆ ಅಂತ ಅಲ್ಲೇ ಬಿಲ್ಲು ಎಳೀಬೇಡಿ, ಜನ ಇರೋ ಕಟ್ಟಡದಿಂದ 150 ಗಜದೊಳಗೆ ಮಾಲೀಕರ ಅನುಮತಿ ಇಲ್ದೆ ಬೇಟೆ ಆಡೋ ಹಾಗಿಲ್ಲ, ಬಿಲ್ಲಿಗೂ ಇದೇ ನಿಯಮ.

ಈಗ ಮೊನೆ ವಿಷಯ. ಅಂಗಡಿಗೆ ಹೋದೋರು ಮೊದಲು ಎತ್ಕೊಳ್ಳೋದು ಫೀಲ್ಡ್ ಪಾಯಿಂಟ್ ಅನ್ನೋ ಸಾದಾ ಚೂಪು ಮೊನೆ, ಯಾಕಂದ್ರೆ ಡಜನ್‌ಗಟ್ಟಲೆ ಅಗ್ಗಕ್ಕೆ ಸಿಗುತ್ತೆ, ಪ್ರಾಕ್ಟೀಸ್‌ಗೂ ಅದೇ. ದಯವಿಟ್ಟು ಅದೊಂದನ್ನೇ ಹಾಕ್ಕೊಂಡು ಮೊಲಕ್ಕೆ ಹೋಗಬೇಡಿ. ಅದು ದಬ್ಬಣದ ಹಾಗೆ ಒಂದು ಕಡೆಯಿಂದ ತೂರಿ ಇನ್ನೊಂದು ಕಡೆ ಹೊರಗೆ ಹೋಗುತ್ತೆ, ಹೊಡೆತದ ಬಲ ಪ್ರಾಣಿ ಮೈಯಲ್ಲಿ ಉಳಿಯೋದೇ ಇಲ್ಲ, ಏಟು ತಿಂದ ಮೊಲ ಓಡಿ ಬಿಲ ಸೇರ್ಕೊಂಡು ಅಲ್ಲಿ ನರಳಿ ಸಾಯುತ್ತೆ, ನಿಮಗೂ ಇಲ್ಲ ಯಾರಿಗೂ ಇಲ್ಲ. ಇದನ್ನ ನೋಡಿ ನೋಡಿ ನನಗೆ ಸಿಟ್ಟೇ ಬರುತ್ತೆ. ಪ್ರಾಣ ತೆಗೆಯೋಕೆ ಹೊರಟ ಮೇಲೆ ತಕ್ಷಣ ಹೋಗೋ ಹಾಗೆ ಹೊಡೀಬೇಕು, ಆಗಲ್ಲ ಅಂದ್ರೆ ಹೊಡೀಲೇಬಾರದು.

ಚಿಕ್ಕ ಪ್ರಾಣಿಗೆ ಬೇಕಿರೋದು ಚುಚ್ಚೋ ಮೊನೆ ಅಲ್ಲ, ಗುದ್ದೋ ಮೊನೆ. ಬ್ಲಂಟ್ ಅಂತಾರೆ, ತುದಿ ಚಪ್ಪಟೆ, ಕಬ್ಬಿಣದ್ದೂ ರಬ್ಬರಿನದ್ದೂ ಸಿಗುತ್ತೆ. ಎಳೆತ ಕಡಿಮೆ ಇರೋ ಬಿಲ್ಲಿಗೆ ರಬ್ಬರಿನದ್ದು ನಂಬಬೇಡಿ, ಕಬ್ಬಿಣದ್ದೇ ತಗೊಳ್ಳಿ. ಇನ್ನೊಂದು ಜೂಡೋ ಪಾಯಿಂಟ್, ಮೊಂಡು ತುದಿ ಹಿಂದೆ ನಾಲ್ಕು ಕಡೆ ಸ್ಪ್ರಿಂಗ್ ತಂತಿ ಚಾಚಿಕೊಂಡಿರುತ್ತೆ. ಗುರಿ ತಪ್ಪಿದ್ರೆ ಆ ತಂತಿ ಹುಲ್ಲಿಗೆ ಸಿಕ್ಕಿ ಬಾಣ ಅಲ್ಲೇ ನಿಲ್ಲುತ್ತೆ. ಅಕ್ಟೋಬರ್‌ನಲ್ಲಿ ಮೇಪಲ್ ಎಲೆ ಉದುರಿ ನೆಲ ಮುಚ್ಚಿದಾಗ ಫೀಲ್ಡ್ ಪಾಯಿಂಟ್ ಬಾಣ ಎಲೆ ಅಡಿಗೆ ಜಾರಿ ಹೋಗಿಬಿಟ್ರೆ ಎಷ್ಟು ಹುಡುಕಿದ್ರೂ ಸಿಗಲ್ಲ, ಕಾರ್ಬನ್ ಬಾಣದ ಬೆಲೆ ಮುಂದೆ ಮೊನೆ ಬೆಲೆ ಏನೂ ಅಲ್ಲ. ಹಾಗಾಗಿ ಒಂದು ಜೂಡೋಗೆ ಜಾಸ್ತಿ ದುಡ್ಡು ಕೊಟ್ಟಂಗೆ ಕಂಡ್ರೂ ಬಾಣ ವಾಪಸ್ ತರೋ ಮೊನೆನೇ ಅಗ್ಗದ ಮೊನೆ.

ಅಷ್ಟೂ ಬೇಡ ಅನ್ನೋರಿಗೆ ದಾರಿ ಇದೆ. ಹಾರ್ಡ್‌ವೇರ್ ಅಂಗಡೀಲಿ ಅಗಲದ ವಾಷರ್ ತಗೊಂಡು ಫೀಲ್ಡ್ ಪಾಯಿಂಟ್ ಬಿಚ್ಚಿ ಮೊನೆಗೂ ಬಾಣಕ್ಕೂ ಮಧ್ಯೆ ಸೇರಿಸಿ ಬಿಗಿ ಮಾಡಿ, ತೂರಿಕೊಂಡು ಹೋಗೋ ಮೊನೆಗೆ ಅಡ್ಡ ತಡೆ ಬಂತು, ಗುದ್ದು ಪ್ರಾಣಿ ಮೈಗೇ ಬೀಳುತ್ತೆ. ಸ್ಕ್ರೂ ಮೊನೆಗಳೆಲ್ಲ ಹೆಚ್ಚುಕಮ್ಮಿ 8-32 ಅನ್ನೋ ಒಂದೇ ಅಳತೆಯ ಸ್ಕ್ರೂ ಥ್ರೆಡ್, ಅದು ತೂರೋ ತೂತಿನ ವಾಷರ್ ಕೇಳಿ. ಮರದ ಬಾಣ ಇಟ್ಕೊಂಡಿರೋ ಹಳಬರು .38 ಸ್ಪೆಷಲ್ ಅನ್ನೋ ರಿವಾಲ್ವರ್ ಗುಂಡಿನ ಖಾಲಿ ತೋಟಾ ತುದಿಗೆ ಅಂಟಿಸ್ತಾರೆ, ಅದೂ ಒಳ್ಳೇ ಬ್ಲಂಟ್. ಏನೇ ಹಾಕಿ, ತೂಕ ಮಾತ್ರ ನೀವು ಪ್ರಾಕ್ಟೀಸ್ ಮಾಡೋ ಮೊನೆಯಷ್ಟೇ ಇರ್ಲಿ, 100 ಗ್ರೇನ್ ಅಂದ್ರೆ ಸುಮಾರು ಆರೂವರೆ ಗ್ರಾಂ, 125 ಅಂದ್ರೆ ಎಂಟು. ಬದಲಾದ್ರೆ ಬಾಣ ಬೀಳೋ ಜಾಗನೂ ಬದಲಾಗುತ್ತೆ. ಮತ್ತೆ ಬ್ಲಂಟ್ ಹಾಕಿರೋವಾಗ ಜಿಂಕೆ ಎದುರಿಗೆ ಬಂದ್ರೂ ಬಿಲ್ಲು ಎತ್ತಬೇಡಿ, ಅದಕ್ಕೆ ಬ್ರಾಡ್‌ಹೆಡ್ ಅನ್ನೋ ಹರಿತ ಅಲಗಿನ ಮೊನೆ ಬೇಕು, ಕನಿಷ್ಠ 7/8 ಇಂಚು ಅಗಲದ್ದು.

ಅಳಿಲನ್ನೂ ಇಲ್ಲಿ ಹೊಡೀತಾರೆ. ನಾನು ಹೊಡೆಯಲ್ಲ. ಇಲ್ಲಿನ ಅಳಿಲಿಗೆ ಬೆನ್ನಲ್ಲಿ ಗೆರೆ ಇಲ್ಲ, ಆದ್ರೂ ರಾಮ ಸವರಿದ ಪ್ರಾಣಿ ಅಂತ ಅಮ್ಮ ಹೇಳಿದ್ದು ಕೈ ತಡೆಯುತ್ತೆ. ನೀವು ಹೊಡೆಯೋದಾದ್ರೆ ಮರದ ಮೇಲಕ್ಕೆ ಬಿಡೋ ಬಾಣಕ್ಕೆ ಫ್ಲೂ-ಫ್ಲೂ ಗರಿ ಹಾಕಿ, ಗರಿ ದೊಡ್ಡದು, ಬಾಣ ದೂರ ಹೋಗಲ್ಲ, ಆ ಕಡೆ ಯಾರಿದಾರೋ ಏನೋ.

ಊರಲ್ಲಿ ಶಿಕಾರಿ ಅಂದ್ರೆ ಹತ್ತು ಮನೆ ಜನ, ನಾಯಿಗಳು, ಆಮೇಲೆ ಪಾಲು ಹಂಚೋದು, ಬರ್ದೇ ಇದ್ದ ಮನೆಗೂ ಒಂದು ತುಂಡು. ಇಲ್ಲಿ ನಾನೊಬ್ಬನೇ ಕಾಡಿಗೆ ಹೋಗ್ತೀನಿ, ಒಂದು ಮೊಲ ಹಂಚೋಕೆ ಪಕ್ಕದ ಮನೆಯವರ ಹೆಸರೂ ಸರಿಯಾಗಿ ಗೊತ್ತಿಲ್ಲ. ಅದಕ್ಕೇ ಹೇಳ್ತೀನಿ, ಎರಡು ಮೂರು ಮನೆಯವರು ಸೇರ್ಕೊಂಡು ಹೋಗಿ, ಮಕ್ಕಳನ್ನೂ ಕರ್ಕೊಂಡು ಹೋಗಿ. ಅನುಮತಿ ಇರೋ ಜಾಗದಲ್ಲಿ ಜೂಡೋ ಹಾಕ್ಕೊಂಡು ಕೊಳೆತ ಮರದ ಬುಡಕ್ಕೆ ಗುರಿ ಇಡೋದೇ ಒಂದು ಆಟ, ಮಾಂಸ ತಿನ್ನದೋರೂ ಬರಬಹುದು. ನನ್ನ ಮಗಳಿಗೆ ಊರಿನ ಕಾಡು ಗೊತ್ತಿಲ್ಲ, ಆದ್ರೆ ಹಿಮದ ಮೇಲಿನ ಮೊಲದ ಹೆಜ್ಜೆ ನೋಡಿ ಯಾವ ಕಡೆ ಹೋಗಿದೆ ಅಂತ ಹೇಳ್ತಾಳೆ.

ಒಂದು ಮಾತ್ರ ಮಕ್ಕಳಿಗೆ ಮೊದಲ ದಿನವೇ ಕಲಿಸಿ. ಕಲ್ಲಿಗೋ ಮರಕ್ಕೋ ಬಡಿದ ಕಾರ್ಬನ್ ಬಾಣನ ಮತ್ತೆ ಬಿಲ್ಲಿಗೆ ಏರಿಸೋ ಮುಂಚೆ ಎರಡೂ ಕೈಲಿ ಹಿಡಿದು ನಿಧಾನ ಬಗ್ಗಿಸಿ, ಚಿಟಚಿಟ ಸದ್ದು ಬಂದ್ರೆ, ಸೀಳು ಕಂಡ್ರೆ ಅಲ್ಲೇ ಮುರಿದು ಚೀಲಕ್ಕೆ ಹಾಕ್ಕೊಳ್ಳಿ. ಸೀಳಿರೋ ಬಾಣ ಬಿಡೋವಾಗ ಒಡೆದು ಬಿಲ್ಲು ಹಿಡಿದ ಕೈಗೇ ನುಗ್ಗಬಹುದು.