ಮಗುವಿಗೆ ಕೋಡಿಂಗ್ ಕಲಿಸುವ ಮುಂಚೆ ನೀವು ರೋಬೋಟ್ ಆಗಿ

ಆರು ವರ್ಷದ ಮಗುವಿಗೆ ಕೋಡಿಂಗ್, ಅಂದ್ರೆ ಕಂಪ್ಯೂಟರ್‌ಗೆ ಒಂದೊಂದೇ ಹೆಜ್ಜೆಯಾಗಿ ಕೆಲಸ ಹೇಳೋದು, ಕಲಿಸಬೇಕು ಅಂತ ಮೊದಲ ದಿನವೇ ಲ್ಯಾಪ್‌ಟಾಪ್ ಮುಂದೆ ಕೂರಿಸಬೇಡಿ. ಒಂದೆರಡು ವಾರ ಕಂಪ್ಯೂಟರೇ ಬೇಡ. ನೀವೇ ರೋಬೋಟ್ ಆಗಿ. ಮಗು ಹೇಳಿದಷ್ಟೇ ಮಾಡಿ, ಹೇಳದ್ದನ್ನು ಮಾಡಲೇಬೇಡಿ.

ನಮ್ಮ ಮನೆಯಲ್ಲಿ ಇದು ಶುರುವಾಗಿದ್ದು ನೀರಿನ ಬಾಟಲಿಯಿಂದ. "ಅಪ್ಪಾ, ಬಾಟಲಿಗೆ ನೀರು ತುಂಬು" ಅಂದಳು ಮಗಳು. ರೋಬೋಟ್‌ಗೆ ಅಷ್ಟು ಹೇಳಿದರೆ ಗೊತ್ತಾಗಲ್ಲ ಪುಟ್ಟಾ, ಒಂದೊಂದೇ ಕೆಲಸ ಹೇಳು ಅಂದೆ. ಬಾಟಲಿ ತಗೋ, ಫಿಲ್ಟರ್ ಕೆಳಗೆ ಹಿಡಿ, ನಲ್ಲಿ ತಿರುಗಿಸು. ತಿರುಗಿಸಿದೆ. ನೀರೆಲ್ಲಾ ಮುಚ್ಚಳದ ಮೇಲೆ ಬಿತ್ತು, ಯಾಕಂದ್ರೆ ಮುಚ್ಚಳ ತೆಗೆ ಅಂತ ಅವಳು ಹೇಳಿರಲೇ ಇಲ್ಲ! ಎರಡನೇ ಸಲ ಮುಚ್ಚಳ ತೆಗೆಸಿದಳು, ಆದರೆ ನಿಲ್ಲಿಸು ಅನ್ನೋದು ಮರೆತುಹೋಯಿತು, ನೆಲವೆಲ್ಲಾ ಒದ್ದೆ. ಮೂರನೇ ಸಲ "ಕತ್ತಿನ ತನಕ ನೀರು ಬಂದ್ರೆ ನಲ್ಲಿ ನಿಲ್ಲಿಸು" ಅಂತ ಅವಳಾಗಿಯೇ ಸೇರಿಸಿದಳು. ಪ್ರೋಗ್ರಾಮರ್‌ಗಳು ಕಂಡಿಷನ್ ಅನ್ನೋದು ಇದಕ್ಕೇ. ನಾನು ಆ ಪದ ಹೇಳಲಿಲ್ಲ, ಅವಳಿಗೆ ಆಗ ಅದು ಬೇಕಾಗಿಯೂ ಇರಲಿಲ್ಲ. ನೆಲ ಒರೆಸುವ ಕೆಲಸ ಇದ್ದದ್ದೇ, ಆದರೆ ದಯವಿಟ್ಟು ನಡುವೆ ಬಾಯಿ ಹಾಕಿ ತಿದ್ದಬೇಡಿ.

ಮನೆಯಲ್ಲಿ ರಂಗೋಲಿ ಹಾಕುವವರಿದ್ದರೆ ಇನ್ನೂ ಒಳ್ಳೆಯದು. ನಡುವಿನ ಸಾಲಿನಲ್ಲಿ 7 ಚುಕ್ಕಿ, ಅದರ ಮೇಲೂ ಕೆಳಗೂ 6, 5, 4. ಇದನ್ನು ಆದಷ್ಟು ಕಡಿಮೆ ಮಾತಿನಲ್ಲಿ ಹೇಳು ಅಂತ ಕೇಳಿ. "ಸಾಲಿಗೊಂದು ಚುಕ್ಕಿ ಕಮ್ಮಿ ಮಾಡ್ತಾ ಹೋಗು, 4 ಬಂದ ಮೇಲೆ ಸಾಕು" ಅಂದರೆ ಮಗುವಿಗೆ ಲೂಪ್, ಅಂದ್ರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸೋದು, ಬಂತು ಅಂತಲೇ ಲೆಕ್ಕ.

ಆಮೇಲೆ ಸ್ಕ್ರೀನ್. 5 ರಿಂದ 7 ವರ್ಷದವರಿಗೆ ಟ್ಯಾಬ್‌ನಲ್ಲಿ ಸ್ಕ್ರ್ಯಾಚ್ ಜೂನಿಯರ್ ಆ್ಯಪ್ ಸಾಕು. ಇದರಲ್ಲಿ ಒಂದೊಂದು ಆಜ್ಞೆಯೂ ಒಂದೊಂದು ಬ್ಲಾಕ್, ಅವನ್ನು ಜೋಡಿಸಿದರೆ ಕೋಡ್. ಬ್ಲಾಕ್‌ಗಳ ಮೇಲೆ ಬರೀ ಚಿತ್ರಗಳಿರುವುದರಿಂದ ಓದು ಬರದಿದ್ದರೂ ನಡೆಯುತ್ತದೆ. 8 ದಾಟಿದ ಮೇಲೆ ಸ್ಕ್ರ್ಯಾಚ್. ಇದೂ ಬ್ಲಾಕ್ ಜೋಡಿಸುವುದೇ, 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ ಹೊರತಂದದ್ದು. ಎರಡೂ ಉಚಿತ. ಸ್ಕ್ರ್ಯಾಚ್ ಅನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ, ಅಕೌಂಟ್ ಕೂಡ ಬೇಡ. ಬ್ಲಾಕ್ ಮೇಲಿನ ರಿಪೀಟ್ ಅಂದ್ರೆ ಮತ್ತೆ ಮತ್ತೆ ಮಾಡು ಅಂತ ಕನ್ನಡದಲ್ಲೇ ಹೇಳಿಕೊಡಿ, ಇಂಗ್ಲಿಷ್ ನಿಧಾನವಾಗಿ ಬರುತ್ತದೆ.

ಸ್ಕ್ರ್ಯಾಚ್‌ನ ಮೊದಲ ಆಟಕ್ಕೆ ಪೆನ್ ಎಕ್ಸ್‌ಟೆನ್ಷನ್ (ಗೆರೆ ಎಳೆಯುವ ಹೆಚ್ಚುವರಿ ಬ್ಲಾಕ್‌ಗಳು) ಸೇರಿಸಿ, ಸ್ಕ್ರೀನ್ ಮೇಲಿರುವ ಬೆಕ್ಕಿನ ಕೈಯಲ್ಲಿ ಚೌಕ ಬರೆಸಿ: 100 ಹೆಜ್ಜೆ ನಡೆ, 90 ಡಿಗ್ರಿ ತಿರುಗು, ಹೀಗೆ 4 ಸಲ. ಚೌಕ ಸುಲಭವಾಗಿ ಬರುತ್ತದೆ. ಮೂರೂ ಗೆರೆ ಸಮ ಇರುವ ತ್ರಿಕೋನಕ್ಕೆ ಕೇಳಿ ನೋಡಿ. ಸ್ವಲ್ಪ ದೊಡ್ಡ ಮಕ್ಕಳು 60 ಡಿಗ್ರಿ ಹಾಕುತ್ತಾರೆ, ಸ್ಕೂಲಿನಲ್ಲಿ ಕಲಿತದ್ದು ಅದೇ ಅಲ್ವಾ? ಮೂರು ಗೆರೆ ಬಂದರೂ ಬಾಯಿ ತೆರೆದ ಬಟ್ಟಲಿನ ಹಾಗೆ ಕಾಣುತ್ತದೆ. ಆಗ ಮೌಸ್ ಕಿತ್ತುಕೊಳ್ಳಬೇಡಿ, ಉತ್ತರವನ್ನೂ ಹೇಳಬೇಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಕೋನ ಬರೆದು, ನೀನೇ ಬೆಕ್ಕು, ಗೆರೆ ಮೇಲೆ ನಡಿ ಅನ್ನಿ. ಮೂಲೆಯಲ್ಲಿ 60ಕ್ಕೆ ನಿಂತರೆ ಮುಂದಿನ ಗೆರೆ ಸಿಗಲ್ಲ, ಇನ್ನೂ ತಿರುಗಬೇಕು, ಅದು 120 ಅಂತ ಮೈಗೇ ಗೊತ್ತಾಗುತ್ತದೆ. 1967ರಲ್ಲಿ ಮಕ್ಕಳಿಗಾಗಿ ಲೋಗೋ ಅನ್ನೋ ಕಂಪ್ಯೂಟರ್ ಭಾಷೆ ಕಟ್ಟಿದವರಲ್ಲಿ ಒಬ್ಬರಾದ ಸೀಮೋರ್ ಪ್ಯಾಪರ್ಟ್ ಮಕ್ಕಳನ್ನು ಅದರಲ್ಲಿ ಗೆರೆ ಎಳೆಯುವ ಆಮೆಯ ಹಾಗೆ ನಡೆಯಲು ಹೇಳುತ್ತಿದ್ದದ್ದೂ ಇದಕ್ಕೇ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಬೇಸರ ಬಂದರೆ ಸುಮ್ನೆ ಬಿಟ್ಟುಬಿಡಿ, ನಾಳೆ ಅವರೇ ಬಂದು ಕೇಳುತ್ತಾರೆ. ಇಷ್ಟು ಚಿಕ್ಕ ವಯಸ್ಸಿಗೆ ಸಾವಿರಗಟ್ಟಲೆ ಫೀಸು ಕೊಟ್ಟು ಕ್ಲಾಸಿಗೆ ಸೇರಿಸುವುದು ನನಗಂತೂ ಬೇಕಿಲ್ಲ ಅನಿಸುತ್ತದೆ. ಮಾಡಿದ್ದನ್ನು ಅಜ್ಜಿಗೆ ತೋರಿಸು ಅನ್ನಿ. ಅಜ್ಜಿ "ಈ ಬೆಕ್ಕು ಯಾಕೆ ನಿಂತಿತು?" ಅಂತ ಕೇಳಿದಾಗ ಮಗು ಏನು ಹೇಳುತ್ತದೆ ಅಂತ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.